ಪದಚರ್ಚೆ: ಹಳೆ ಪಿಸ್ತೂಲಿನ ಮ್ಯಾಗಝಿನ್ ‘ಅಸಲು’, ‘ಕಾಲಕ್ಕೆ ಸಲ್ಲುವುದು’, ‘ಜೊತೆನಂಬರಿನದು’

ಪ್ರಶ್ನೆ, ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ಹಳೆಯ ಪಿಸ್ತೂಲುಗಳ ಸಂಗ್ರಹವೊಂದರ ವಿವರಪಟ್ಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಅದರಲ್ಲಿ ಮತ್ತೆ ಮತ್ತೆ ಬರುವ ಮಾತು ‘ಪೀರಿಯಡ್ ಕರೆಕ್ಟ್ ಒರಿಜಿನಲ್ ಮ್ಯಾಗಝಿನ್’. ಯಂತ್ರಾನುವಾದಕ್ಕೆ ಹಾಕಿದರೆ ‘ನಿಯತಕಾಲಿಕೆ’ ಆಗಿ ಬರುತ್ತದೆ. ‘ಗುಂಡಿನ ಪೆಟ್ಟಿಗೆ’ ಅಂದರೆ ಅಂಗಡಿಯಲ್ಲಿ ತೋಟೆ ತುಂಬಿ ಕೊಡುವ ರಟ್ಟಿನ ಪೆಟ್ಟಿಗೆಯ ನೆನಪಾಗುತ್ತದೆ. ಪಿಸ್ತೂಲಿನೊಳಗೆ ತೋಟೆಗಳನ್ನು ಸಾಲಾಗಿ ಹಿಡಿದಿಡುವ ಈ ಭಾಗಕ್ಕೆ ನಮ್ಮ ಕರಾವಳಿಯಲ್ಲಿ ಬಳಕೆಯ ಪದ ಏನಾದರೂ ಇದೆಯೆ? ‘ಒರಿಜಿನಲ್’, ‘ಪೀರಿಯಡ್ ಕರೆಕ್ಟ್’, ‘ಮ್ಯಾಚಿಂಗ್’ ಮೂರಕ್ಕೂ ‘ಮೂಲ’ ಎಂದೇ ಬರೆದರೆ ನಡೆಯುತ್ತದೆಯೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ, ಮಂಗಳೂರಿನಿಂದ:

ನಮಸ್ಕಾರ. ಮೂರಕ್ಕೂ ‘ಮೂಲ’ ಎಂದು ಮಾತ್ರ ಬರೆಯಬೇಡಿ. ಅವು ಮೂರು ಬೇರೆ ಬೇರೆ ಸಂಗತಿಗಳು. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಪಟ್ಟಿ ನಂಬಿ ಕೊಳ್ಳುವವರಿಗೆ ಪೆಟ್ಟು ಬೀಳುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಭಾಗದ ಹೆಸರು ನೋಡೋಣ.

ನಮ್ಮ ಕಡೆಯ ಬಂದೂಕಿನ ಮಾತುಗಳು ಸಾಕಷ್ಟಿವೆ: ಕೋವಿ, ಕೇಪಿನ ಕೋವಿ, ತೋಟೆ ಕೋವಿ, ನಳಿಗೆ, ಚರೆ, ಈಡು, ತುಳುವಿನ ಬೆಡಿ. ಆದರೆ ತೋಟ ಕಾಯುವ ಕೋವಿಗೆ ಒಂದು ನಳಿಗೆ, ಇಲ್ಲವೇ ಎರಡು. ಬುಡ ಮಡಚಿ ತೋಟೆಯನ್ನು ಕೈಯಿಂದಲೇ ನಳಿಗೆಗೆ ಇಡುತ್ತಾರೆ. ಮ್ಯಾಗಝಿನ್ ಎಂಬ ಭಾಗವೇ ಅದರಲ್ಲಿಲ್ಲ, ಹಾಗಾಗಿ ಪದವೂ ಹುಟ್ಟಲಿಲ್ಲ. ಇಂಗ್ಲಿಷಿನ ಮಾತು ಅರಬ್ಬಿಯ ‘ಮಖ್ಝನ್’ನಿಂದ, ಅಂದರೆ ಉಗ್ರಾಣದಿಂದ ಬಂದದ್ದು. ಬೋಳೂರಿನ ಸುಲ್ತಾನ್ ಬತ್ತೇರಿಯ ಕೆಳಗೆ ಮದ್ದು ಇಡಲು ನೆಲಮನೆ ಇದೆಯಲ್ಲ, ಹಳೆಯ ಇಂಗ್ಲಿಷಿನಲ್ಲಿ ಅದೂ ಮ್ಯಾಗಝಿನ್ನೇ, ಕನ್ನಡದಲ್ಲಿ ಮದ್ದಿನ ಮನೆ. 1731ರಲ್ಲಿ ಲಂಡನ್ನಿನ ಒಂದು ಪತ್ರಿಕೆ ‘ಬರಹಗಳ ಉಗ್ರಾಣ’ ಎಂಬ ಅರ್ಥದಲ್ಲಿ ಈ ಹೆಸರನ್ನು ಇಟ್ಟುಕೊಂಡಿತು. ನಿಯತಕಾಲಿಕೆಯ ಗೊಂದಲ ಶುರುವಾದದ್ದು ಅಲ್ಲಿಂದ.

ನನ್ನ ಸಲಹೆ: ‘ಮ್ಯಾಗಝಿನ್’ ಎಂದೇ ಇಡಿ, ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಈಗಾಗಲೇ ರೂಢಿಯಾಗಿದೆ. ಪಟ್ಟಿಯಲ್ಲಿ ಮೊದಲ ಸಲ ಬರುವಾಗ ‘ತೋಟೆಗೂಡು’ ಎಂದು ಪಕ್ಕದಲ್ಲಿ ಬಿಡಿಸಿ ಹೇಳಿದರೆ ಸಾಕು. ‘ಗುಂಡಿನ ಗೂಡು’ ಬೇಡ. ಗುಂಡು ಎಂದರೆ ನಳಿಗೆಯಿಂದ ಹಾರಿಹೋಗುವ ಲೋಹದ ತುಂಡು ಮಾತ್ರ. ಗುಂಡು, ಮದ್ದು, ಹಿತ್ತಾಳೆಯ ಕೋಶ, ಕೇಪು ಎಲ್ಲ ಸೇರಿದ್ದು ತೋಟೆ. ಮ್ಯಾಗಝಿನ್ನಿನೊಳಗೆ ಕೂರುವುದು ತೋಟೆ. ಇನ್ನೊಂದು ಎಚ್ಚರ, ಅದನ್ನು ‘ಕ್ಲಿಪ್’ ಎನ್ನಬೇಡಿ. ಕ್ಲಿಪ್ ಎಂದರೆ ತೋಟೆಗಳನ್ನು ಬುಡದಲ್ಲಿ ಹಿಡಿದಿರುವ ಬರೀ ತಗಡಿನ ಪಟ್ಟಿ. ಮೌಸರ್ ಸಿ96 ಎಂಬ ಜರ್ಮನ್ ಪಿಸ್ತೂಲಿನ ಸಾಮಾನ್ಯ ಮಾದರಿಗಳಲ್ಲಿ ಮ್ಯಾಗಝಿನ್ ಚೌಕಟ್ಟಿನ ಭಾಗವೇ ಆಗಿದೆ, ಹತ್ತು ತೋಟೆಯ ಪಟ್ಟಿಯನ್ನು ಮೇಲಿನಿಂದ ಇಟ್ಟು ಒತ್ತಿ ತುಂಬುತ್ತಾರೆ. ಆ ಪಿಸ್ತೂಲಿನ ಜೊತೆ ‘ಬಿಡಿ ಮ್ಯಾಗಝಿನ್ ಎರಡು’ ಎಂದು ಪಟ್ಟಿಯಲ್ಲಿದ್ದರೆ ಅನುವಾದ ತಪ್ಪಿದೆ ಎಂದು ಓದದೆಯೇ ಹೇಳಬಹುದು.

ಇನ್ನು ಆ ಮೂರು ಮಾತು. ‘ಒರಿಜಿನಲ್’ ಅಂದರೆ ಪಿಸ್ತೂಲು ಮಾಡಿದ ಕಾರ್ಖಾನೆ ಅಥವಾ ಸೇನೆಯ ಗುತ್ತಿಗೆ ಪಡೆದ ಕಾರ್ಖಾನೆ ತಯಾರಿಸಿದ್ದು, ಇದಕ್ಕೆ ‘ಕಾರ್ಖಾನೆ ಅಸಲು’. ‘ಪೀರಿಯಡ್ ಕರೆಕ್ಟ್’ ಅಂದರೆ ಆ ಪಿಸ್ತೂಲು ಹೊರಬಿದ್ದ ವರ್ಷಗಳಲ್ಲಿ ಅದರೊಂದಿಗೆ ಕೊಡುತ್ತಿದ್ದ ಬಗೆಯದು, ಇದಕ್ಕೆ ‘ಕಾಲಕ್ಕೆ ಸಲ್ಲುವ’. ‘ಮ್ಯಾಚಿಂಗ್’ ಅಂದರೆ ಪಿಸ್ತೂಲಿನ ನಂಬರೇ ಮ್ಯಾಗಝಿನ್ನಿನ ಮೇಲೂ ಇರುವುದು, ಇದಕ್ಕೆ ‘ಜೊತೆನಂಬರಿನ’.

ಲೂಗರ್ ಪಿ08 ತೆಗೆದುಕೊಳ್ಳಿ, ಮೂರೂ ಬಿಡಿಬಿಡಿಯಾಗಿ ಕಾಣುತ್ತವೆ. ಮೊದಲ ಮಹಾಯುದ್ಧದ ಕಾಲದ ಜರ್ಮನ್ ಸೇನೆಯ ಪಿಸ್ತೂಲಿಗೆ ಮರದ ತಳದ ಮ್ಯಾಗಝಿನ್ ಎರಡು. ಎರಡರ ತಳದಲ್ಲೂ ಪಿಸ್ತೂಲಿನ ನಂಬರು ಒತ್ತಿರುತ್ತದೆ, ಎರಡನೆಯದರ ಮೇಲೆ ಹೆಚ್ಚಿನದು ಎಂಬ ಗುರುತಿಗೆ ಒಂದು ಕೂಡು ಚಿಹ್ನೆ. ಅಲ್ಯೂಮಿನಿಯಂ ತಳ ಬಂದದ್ದು ಆಮೇಲೆ. ‘ಎಫ್‌ಎಕ್ಸ್‌ಓ’ ಎಂಬ ಅಕ್ಷರಗಳಿದ್ದರೆ ಅದು ಎರಡನೇ ಮಹಾಯುದ್ಧದಲ್ಲಿ ಜೂಲ್ ಊರಿನ ಹೇನೆಲ್ ಕಾರ್ಖಾನೆಗೆ ಕೊಟ್ಟ ಗುಪ್ತ ಸಂಕೇತ. ಈಗ 1917ರ ಪಿಸ್ತೂಲಿನಲ್ಲಿ ಎಫ್‌ಎಕ್ಸ್‌ಓ ಮ್ಯಾಗಝಿನ್ ಇದೆ ಅನ್ನಿ. ಕಾರ್ಖಾನೆ ಅಸಲು ಹೌದು, ಕಾಲಕ್ಕೆ ಸಲ್ಲುವುದಿಲ್ಲ. ಮರದ ತಳದ್ದೇ ಇದೆ, ನಂಬರು ಮಾತ್ರ ಬೇರೆ: ಅಸಲು ಹೌದು, ಕಾಲಕ್ಕೂ ಸಲ್ಲುತ್ತದೆ, ಜೊತೆನಂಬರಿನದಲ್ಲ. ಎರಡನ್ನೂ ‘ಮೂಲ ಮ್ಯಾಗಝಿನ್’ ಎಂದು ಬರೆದರೆ ಓದುವವರು ಪಿಸ್ತೂಲಿನೊಂದಿಗೇ ಬಂದದ್ದು ಎಂದುಕೊಳ್ಳುತ್ತಾರೆ.

ಅಮೆರಿಕದ ಕೋಲ್ಟ್ 1911ರಲ್ಲಿ ಮ್ಯಾಗಝಿನ್ನಿಗೆ ನಂಬರು ಒತ್ತುವ ಪದ್ಧತಿ ಇಲ್ಲ, ಅಲ್ಲಿ ಗುರುತಿಸುವುದು ಬಣ್ಣ ಮತ್ತು ತಳದಿಂದ. ಆರಂಭದ ವರ್ಷಗಳದಕ್ಕೆ ತಳದಲ್ಲಿ ದಾರ ಕಟ್ಟುವ ಕೊಂಡಿ ಇರುತ್ತದೆ. ಮೇಲಿನ ಭಾಗ ಒಂದು ಬಣ್ಣ, ಕೆಳಗಿನದು ಇನ್ನೊಂದು. ತೋಟೆಯನ್ನು ಹಿಡಿಯುವ ತುಟಿಗಳು ಬೇಗ ಬಾಗದಿರಲೆಂದು ಮೇಲಿನ ಭಾಗವನ್ನಷ್ಟೇ ಕಾಯಿಸಿ ಗಡುಸು ಮಾಡುತ್ತಿದ್ದರು, ಆ ಕಾವಿಗೆ ಅಲ್ಲಿಯ ಉಕ್ಕಿಗೆ ಕೊಟ್ಟಿದ್ದ ನೀಲಿ ಬಣ್ಣ ಹೋಗಿ ಬೂದು ಛಾಯೆ ಉಳಿಯಿತು. ಎರಡನೇ ಯುದ್ಧದ್ದು ಪೂರ್ತಿ ನೀಲಿ, ತಳದ ಮುಂತುದಿಯಲ್ಲಿ ಸಣ್ಣ ಅಕ್ಷರ: ‘ಸಿ-ಎಸ್’ ಇದ್ದರೆ ಕೋಲ್ಟಿಗಾಗಿ ಸ್ಕೋವಿಲ್ ಕಂಪನಿ ಮಾಡಿದ್ದು. 1943ರ ಪಿಸ್ತೂಲಿಗೆ ಎರಡು ಬಣ್ಣದ್ದು ಹಾಕಿ ಹೆಚ್ಚು ಬೆಲೆ ಹೇಳುವುದುಂಟು. ಅದು ಹಳೆಯದು, ಅಪರೂಪದ್ದು, ಆದರೂ ಆ ಪಿಸ್ತೂಲಿಗೆ ಸಲ್ಲದ್ದು.

‘ಸರಿಯಾಗಿ ಕೂತಿತು’ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ವಾಲ್ಟರ್ ಪಿ38 ಪಿಸ್ತೂಲಿನದೇ ಮುಂದಿನ ರೂಪವಾಗಿ ಯುದ್ಧ ಮುಗಿದ ಮೇಲೆ ಮಾಡಿದ ಪಿ1ರ ಮ್ಯಾಗಝಿನ್ ಯುದ್ಧಕಾಲದ ಪಿ38ರಲ್ಲಿ ಚೆನ್ನಾಗಿಯೇ ಕೂರುತ್ತದೆ. ಪಿ1 ಎಂಬ ಹೆಸರೇ 1963ರದು. ‘ಪಶ್ಚಿಮ ಜರ್ಮನಿ’ ಎಂದು ಒತ್ತಿದ್ದರೆ 1949ಕ್ಕಿಂತ ಹಿಂದಿನದಲ್ಲ. ಮೆಕ್-ಗಾರ್ ಎಂದಿದ್ದರೆ ಇಟಲಿಯ ಇತ್ತೀಚಿನ ತಯಾರಿಕೆ, ಕೆಲಸಕ್ಕೆ ಒಳ್ಳೆಯದು, ಸಂಗ್ರಹದ ಮಟ್ಟಿಗೆ ಬದಲಿ. ಇಂಥದಕ್ಕೆ ‘ಬದಲಿ’ ಎಂಬ ಪದವೇ ಸರಿ. ಹಳೆಯದರ ರೂಪದಲ್ಲಿ ಹೊಸದಾಗಿ ಮಾಡಿ, ಹೊಸದೆಂದೇ ಮಾರಿದ್ದು ‘ಪ್ರತಿರೂಪ’. ಹಳೆಯದೆಂದು ನಂಬಿಸಲು ಗುರುತು ಒತ್ತಿದ್ದು ‘ಖೋಟಾ’. ಎರಡಕ್ಕೂ ‘ನಕಲಿ’ ಎಂದರೆ ಪ್ರಾಮಾಣಿಕ ತಯಾರಕನಿಗೆ ಅನ್ಯಾಯವಾಗುತ್ತದೆ.

ಖೋಟಾ ಬಯಲಾಗುವುದು ಹೆಚ್ಚಾಗಿ ನಂಬರಿನಲ್ಲೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ, ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ನೋಡಿ. ಅಲ್ಯೂಮಿನಿಯಂ ಮೇಲೆ ಅಚ್ಚು ಹೊಡೆದಾಗ ಅಂಕಿಯ ಸುತ್ತ ಲೋಹ ಉಬ್ಬಿ ಏರಿ ಬರುತ್ತದೆ. ಹಳೆಯದರಲ್ಲಿ ಆ ಏರಿ ಸವೆದು ನೆಲಸಮವಾಗಿ, ಅಂಕಿಯ ಗುಂಡಿಯೂ ಸುತ್ತಲಿನಷ್ಟೇ ಮಂಕಾಗಿರುತ್ತದೆ. ಗುಂಡಿ ಬೆಳ್ಳಗೆ ಹೊಳೆದು ಏರಿ ಬೆರಳಿಗೆ ತಾಗಿದರೆ ಅನುಮಾನ ಪಡಿ. ಮರದ ತಳವಾದರೆ ಅಂಕಿಯೊಳಗೆ ನೂರು ವರ್ಷದ ಎಣ್ಣೆ, ಕೊಳೆ ಕಪ್ಪಗೆ ಕೂತಿರಬೇಕು. ತಿಳಿಬಣ್ಣದ ನಾರು ಕಂಡರೆ ಹೊಸ ಪೆಟ್ಟು. ಹಳೆಯ ನಂಬರನ್ನು ಉಜ್ಜಿ ಹೊಸದು ಒತ್ತಿದ್ದರೆ ತಳದ ಅಂಚು ಒಂದು ಬದಿಯಲ್ಲಿ ತೆಳುವಾಗಿರುತ್ತದೆ, ಆ ತಗ್ಗು ಸ್ಕೇಲು ಇಟ್ಟು ನೋಡಿದರೆ ತಿಳಿಯುತ್ತದೆ.

ಬಿಡಿಭಾಗಗಳಿಗೆ ಮಾತು ಬೇಕಾದರೆ: ತುಟಿ, ಬೆನ್ನು, ತಳ, ಸ್ಪ್ರಿಂಗ್ ಇಷ್ಟು ಸಾಕು. ಸ್ಪ್ರಿಂಗಿನ ಮೇಲೆ ಕೂತು ತೋಟೆಯನ್ನು ಎತ್ತುವ ತುಂಡಿಗೆ ‘ಎತ್ತುಹಲಗೆ’ ಎಂದು ಹಾಕಬಹುದು, ಒಪ್ಪದವರು ‘ಫಾಲೋಅರ್’ ಎಂದೇ ಬರೆಯಲಿ. ‘ತುಟಿ ಅರಳಿದೆ’ ಎಂದರೆ ಓದುಗರಿಗೆ ತಕ್ಷಣ ತಿಳಿಯುತ್ತದೆ: ತುಟಿ ಅಗಲವಾದರೆ ತೋಟೆ ಹೆಚ್ಚು ಎದ್ದು ನಿಂತು ಸಿಕ್ಕಿಕೊಳ್ಳುತ್ತದೆ. ಅದನ್ನು ಇಕ್ಕಳದಲ್ಲಿ ಹಿಂಡಿ ಸರಿಮಾಡಲು ಹೋದರೆ ಗಡುಸು ಉಕ್ಕು ಸೀಳುತ್ತದೆ. ಪಟ್ಟಿಯಲ್ಲಿ ಇದ್ದ ಸ್ಥಿತಿ ಬರೆಯಿರಿ, ರಿಪೇರಿ ಬೇಡ.

ಕಾನೂನಿನ ಮಾತು ಬಿಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ‘ಆಯುಧ’ದ ವ್ಯಾಖ್ಯೆಯೊಳಗೆ ಅದರ ಭಾಗಗಳೂ ಸೇರಿವೆ, ಆಮದಿಗೆ 10ನೇ ಸೆಕ್ಷನ್ನಿನಂತೆ ಪರವಾನಗಿ ಬೇಕು. ವಿದೇಶದ ಹರಾಜಿನಿಂದ ಒಂದು ಮ್ಯಾಗಝಿನ್ ಅಂಚೆಯಲ್ಲಿ ತರಿಸುತ್ತೇನೆ ಎಂದು ಯಾರೂ ಹೊರಡಬಾರದು. ಪರವಾನಗಿ ಇರುವ ವ್ಯಾಪಾರಿಯ ಮೂಲಕ, ಪರವಾನಗಿ ಪುಸ್ತಕದಲ್ಲಿರುವ ಆಯುಧಕ್ಕೆ ಮಾತ್ರ ಹುಡುಕುವುದು ದಾರಿ. ಮೇಲೆ ಹೇಳಿದ ಲೂಗರ್ ಪಿ08, ಪಿ38ರ 9 ಎಂಎಂ ಮತ್ತು ಕೋಲ್ಟ್ 1911ರ .45 ಇಲ್ಲಿ ನಿಷೇಧಿತ ಬೋರು, ಅಂದರೆ ನಳಿಗೆಯ ಒಳಅಳತೆ (ಕ್ಯಾಲಿಬರ್). ಖಾಸಗಿಯವರಲ್ಲಿ ಇರಬಹುದಾದ ಹಳೆಯ ಪಿಸ್ತೂಲು ಹೆಚ್ಚಾಗಿ .32ರದು: ವೆಬ್ಲಿ ಆ್ಯಂಡ್ ಸ್ಕಾಟ್, ಕೋಲ್ಟ್ 1903, ವಾಲ್ಟರ್ ಪಿಪಿ. ಮೂರಕ್ಕೂ ಎಂಟು ತೋಟೆಯ ಮ್ಯಾಗಝಿನ್. ಕೋಲ್ಟಿನ .380ರ ಅವಳಿ ಮಾದರಿಯದು ಏಳರದು, ಕ್ಯಾಲಿಬರ್ ಗುರುತನ್ನು ಓದದೆ ಪಟ್ಟಿಗೆ ಸೇರಿಸಬೇಡಿ.

ಪದ ಸರಿಯಾಗಿ ಬೀಳಬೇಕಾದ ಇನ್ನೊಂದು ಜಾಗ ಚುನಾವಣೆ ಹೊತ್ತಿನಲ್ಲಿ ಆಯುಧ ಒಪ್ಪಿಸಿದಾಗ ಸಿಗುವ ಠೇವಣಿ ರಶೀದಿ. ‘ಪಿಸ್ತೂಲು ಒಂದು, ಬಿಡಿಭಾಗ ಸಹಿತ’ ಎಂದು ಬರೆಸಿಕೊಂಡರೆ ವಾಪಸು ಪಡೆಯುವಾಗ ಮ್ಯಾಗಝಿನ್ ಬದಲಾಗಿದ್ದರೂ ತೋರಿಸಲು ಆಧಾರವಿಲ್ಲ. ‘ಮ್ಯಾಗಝಿನ್ ಎರಡು, ತಳದ ಮೇಲೆ ಇಂಥ ಗುರುತು’ ಎಂದು ಬರೆಸಿ, ಕೊಡುವ ಮೊದಲು ತಳದ ಫೋಟೊ ತೆಗೆದಿಡಿ.

ನಿಮ್ಮ ಪಟ್ಟಿಯ ಒಂದು ನಮೂದು ಹೀಗಿರಬಹುದು (ಡಿಡಬ್ಲ್ಯುಎಂ ಎಂಬುದು ಪಿಸ್ತೂಲು ಮಾಡಿದ ಜರ್ಮನ್ ಕಾರ್ಖಾನೆ): ‘ಪಿ08, ಡಿಡಬ್ಲ್ಯುಎಂ, 1917. ಮ್ಯಾಗಝಿನ್ ಒಂದು, ಮರದ ತಳ. ಕಾರ್ಖಾನೆ ಅಸಲು, ಕಾಲಕ್ಕೆ ಸಲ್ಲುವಂಥದು, ಜೊತೆನಂಬರಿನದಲ್ಲ. ಬಲತುಟಿ ತುಸು ಅರಳಿದೆ. ಬೆನ್ನಿನಲ್ಲಿ ತುಕ್ಕಿನ ಚುಕ್ಕೆ.’ ಮೂರು ಸಂಗತಿಗಳಲ್ಲಿ ಯಾವುದನ್ನೂ ಖಾಲಿ ಬಿಡಬೇಡಿ, ಇಲ್ಲ ಎಂದಿದ್ದರೆ ಇಲ್ಲ ಎಂದೇ ಬರೆಯಿರಿ.

ತುಕ್ಕಿನ ಮಾತು ಬಂತಾದ್ದರಿಂದ ಇಷ್ಟು ಸೇರಿಸುತ್ತೇನೆ. ನಮ್ಮ ಮಳೆಗಾಲದಲ್ಲಿ ಮ್ಯಾಗಝಿನ್ನನ್ನು ಚರ್ಮದ ಚೀಲದಲ್ಲೇ ಬಿಟ್ಟರೆ ಚರ್ಮ ತೇವ ಹೀರಿ ಉಕ್ಕಿಗೆ ದಾಟಿಸುತ್ತದೆ, ಹದಮಾಡಿದ ರಾಸಾಯನಿಕವೂ ಅದರೊಂದಿಗೆ ಸೇರುತ್ತದೆ. ಜೂನ್ ಬರುವ ಮೊದಲೇ ಹೊರತೆಗೆದು, ಹತ್ತಿಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಮರದ ತಳಕ್ಕೆ ಎಣ್ಣೆ ತಾಗಿಸಬೇಡಿ, ಕಪ್ಪಾಗಿ ಅಂಕಿ ಮಾಸುತ್ತದೆ. ಉಪ್ಪುಕಾಗದವಂತೂ ಹತ್ತಿರ ಸುಳಿಯಬಾರದು, ಅದು ತುಕ್ಕಿನ ಜೊತೆ ಅಸಲು ಬಣ್ಣವನ್ನೂ ಗುರುತನ್ನೂ ತೆಗೆದುಬಿಡುತ್ತದೆ.