ಕೋಕಂ ಅಂದರೆ ಮುರುಗಲೋ, ಉಪ್ಪಾಗೆಯೋ?

ಎಲ್ಲರಿಗೂ ನಮಸ್ಕಾರ.

ಮುಂಬೈಯಲ್ಲಿ ನಾವೊಂದಿಷ್ಟು ಕನ್ನಡದ ಮನೆಯವರು ಸೇರಿ ಅಡುಗೆ ಪುಸ್ತಿಕೆ ಮಾಡುತ್ತಿದ್ದೇವೆ. ಮಂಗಳೂರಿನವರು, ಶಿರಸಿ ಕುಮಟಾ ಕಡೆಯವರು, ಧಾರವಾಡದವರು ಎಲ್ಲರೂ ಇದ್ದಾರೆ. ಬರಹ ತಿದ್ದುವ ಕೆಲಸ ನನ್ನದು. ಕೋಕಂ ಬಂದ ಕಡೆಯೆಲ್ಲ ಯಾವ ಪದ ಇಡಬೇಕು ಅನ್ನುವಲ್ಲಿ ಕೆಲಸ ನಿಂತಿದೆ. ಮಂಗಳೂರಿನವರು ಪುನರ್ಪುಳಿ ಎಂದು ಬರೆದುಕೊಟ್ಟಿದ್ದಾರೆ. ಉತ್ತರ ಕನ್ನಡದವರು ಮುರುಗಲು ಎಂದಿದ್ದಾರೆ. ಧಾರವಾಡದವರ ಬರಹದಲ್ಲಿ ಇಲ್ಲಿಯ ಮರಾಠಿಯವರ ಹಾಗೆ ಆಮಸೂಲ ಅಂತಲೇ ಇದೆ. ಮೂರೂ ಒಂದೇ ಹಣ್ಣಿನ ಮಾತು, ಅಲ್ಲಿ ತಕರಾರಿಲ್ಲ. ತಕರಾರು ಇರುವುದು ನಾಲ್ಕನೆಯ ಪದದ್ದು. ಆರೋಗ್ಯದ ಟಿಪ್ಪಣಿ ಬರೆದವರು "ಕೋಕಂ, ಅಂದರೆ ಉಪ್ಪಾಗೆ, ತೂಕ ಇಳಿಸುತ್ತದೆ" ಎಂದು ಬರೆದಿದ್ದಾರೆ. ಈ ಸಾಲನ್ನು ಹಾಗೇ ಬಿಡಲು ನನಗೆ ಮನಸ್ಸಿಲ್ಲ.

ಎರಡೂ ಗಾರ್ಸೀನಿಯಾ ಕುಲದ ಮರಗಳೇ. ಎರಡೂ ಪಶ್ಚಿಮ ಘಟ್ಟದವು. ಆದರೆ ಮುರುಗಲು ಗಾರ್ಸೀನಿಯಾ ಇಂಡಿಕಾ, ಉಪ್ಪಾಗೆ ಗಾರ್ಸೀನಿಯಾ ಗಮ್ಮಿಗಟ್ಟಾ. ಉಪ್ಪಾಗೆಯ ಹಳೆಯ ಶಾಸ್ತ್ರೀಯ ಹೆಸರು ಗಾರ್ಸೀನಿಯಾ ಕ್ಯಾಂಬೋಜಿಯಾ. ತೂಕ ಇಳಿಸುವ ಮಾತ್ರೆಗಳ ಡಬ್ಬಿ ಮೇಲೆ ಕಾಣುವುದು ಈ ಹೆಸರೇ. ಮುರುಗಲು ಹಣ್ಣು ಗುಂಡಗೆ, ನುಣ್ಣಗೆ, ಮಾಗಿದಾಗ ಕಡುಗೆಂಪು. ಉಪ್ಪಾಗೆ ಹಳದಿ, ಮೈಮೇಲೆ ಕುಂಬಳಕಾಯಿಗೆ ಇರುವಂಥ ಗೀರುಗಳು. ಮರದ ಮೇಲೆ ನೋಡಿದವರು ಯಾರೂ ಇವೆರಡನ್ನು ಒಂದೇ ಎನ್ನುವುದಿಲ್ಲ. ಗೊಂದಲ ಶುರುವಾಗುವುದು ಸಿಪ್ಪೆ ಒಣಗಿ ಪೊಟ್ಟಣಕ್ಕೆ ಬಂದ ಮೇಲೆ. ಇಲ್ಲಿ ಮುಂಬೈಯ ಮಾಟುಂಗಾದ ಅಂಗಡಿಗಳಲ್ಲಿ ಮಲಯಾಳಿಗಳ ಕೊಡಂಪುಳಿಯೂ ಸಿಗುತ್ತದೆ, ಆಮಸೂಲವೂ ಸಿಗುತ್ತದೆ. ಕೊಡಂಪುಳಿ ಎಂದರೆ ನಮ್ಮ ಉಪ್ಪಾಗೆಯೇ. ಎರಡೂ ಕಪ್ಪಗೆ ಮುದುಡಿಕೊಂಡಿರುತ್ತವೆ, ಹೆಸರಲ್ಲೂ ಪುನರ್ಪುಳಿಗೆ ಕೊಡಂಪುಳಿ ಪ್ರಾಸವಾಗಿ ಕೂರುತ್ತದೆ.

ಪರೀಕ್ಷೆ ಸುಲಭ. ಒಂದೊಂದು ಚೂರನ್ನು ಬೇರೆ ಬೇರೆ ಲೋಟದ ನೀರಲ್ಲಿ ಹಾಕಿಡಿ. ಸ್ವಲ್ಪ ಹೊತ್ತಿಗೆ ಆಮಸೂಲದ ಸುತ್ತ ಕೆಂಪು ಬಿಟ್ಟುಕೊಳ್ಳುತ್ತದೆ. ಕಲಕಿದರೆ ಇಡೀ ಲೋಟ ಕೆಂಪು. ಉಪ್ಪಾಗೆಯ ನೀರು ಬರೀ ಕಂದು, ಮೂಗಿನ ಹತ್ತಿರ ಹಿಡಿದರೆ ಹೊಗೆಯ ವಾಸನೆ. ಬಣ್ಣಕ್ಕೆ ಕಾರಣ ಆಂಥೋಸಯನಿನ್. ನೇರಳೆ ಹಣ್ಣಿನ ಬಣ್ಣವೂ ಇದೇ ಜಾತಿಯದು. ಅದು ಮುರುಗಲಿನಲ್ಲಿ ಧಾರಾಳ. ಇದರ ರಸಕ್ಕೆ ತೆಂಗಿನ ಹಾಲು ಬೆರೆಸಿ ಮಾಡುವ ಸೋಲಕಢಿ ಎಂಬ ಪಾನೀಯ ಗುಲಾಬಿಯಾಗುವುದು ಇದರಿಂದಲೇ. ಹೊಗೆ ವಾಸನೆಗೆ ಕಾರಣ ಋತು. ಮುರುಗಲು ಏಪ್ರಿಲ್ ಮೇ ಬಿಸಿಲಿಗೆ ಹಣ್ಣಾಗುತ್ತದೆ. ಅದರ ಸಿಪ್ಪೆಯನ್ನು ಉಪ್ಪು ಹಾಕಿದ ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಅಂಗಳದಲ್ಲಿ ಒಣಗಿಸುತ್ತಾರೆ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲು ಎಲ್ಲಿ ಬರಬೇಕು? ಬೆಂಕಿ ಹಾಕಿಯೇ ಒಣಗಿಸಬೇಕು. ಇದಕ್ಕೆ ಕಾಡಿನ ಸೌದೆ ಬಹಳ ಬೇಕು, ಅದೂ ಒಂದು ಚಿಂತೆಯೇ.

ಇನ್ನು ಪೋಷಣೆಯ ಮಾತು. ಎರಡರ ಹುಳಿಯೂ ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು. ನಿಂಬೆಯ ಸಿಟ್ರಿಕ್ ಆಮ್ಲವಲ್ಲ, ಹುಣಸೆಯ ಟಾರ್ಟಾರಿಕ್ ಆಮ್ಲವೂ ಅಲ್ಲ. ಉಪ್ಪಾಗೆಯ ಹುಳಿ ಇದೇ ಆಮ್ಲ ಎಂದು 1965ರಲ್ಲಿ ತೋರಿಸಿದವರು ಲೂಯಿಸ್ ಮತ್ತು ನೀಲಕಂಠನ್. ಉಪ್ಪಾಗೆಯ ಒಣಸಿಪ್ಪೆಯಲ್ಲಿ ಇದು ನೂರಕ್ಕೆ ಹತ್ತರಿಂದ ಮೂವತ್ತರವರೆಗೂ ಇರುತ್ತದೆ ಎನ್ನುತ್ತಾರೆ. ತೂಕದ ಮಾತ್ರೆಯವರು ಇದರ ಹಿಂದೆ ಬಿದ್ದದ್ದು ಅದಕ್ಕೇ. ಆದರೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 135 ಜನರ ಮೇಲೆ 12 ವಾರ ನೋಡಿದಾಗ, ಮಾತ್ರೆ ತಿಂದವರಿಗೂ ಹುಸಿ ಮಾತ್ರೆ ತಿಂದವರಿಗೂ ತೂಕ ಇಳಿದದ್ದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಹಾಗಿರುವಾಗ ಸಾರಿಗೆ ನಾಲ್ಕು ಸಿಪ್ಪೆ ಹಾಕುವ ಮನೆಯವರಿಗೆ ಇದನ್ನು ಓದಿಸುವುದು ತಪ್ಪಲ್ವಾ? ಅದಕ್ಕಿಂತ ಆಮಸೂಲದಲ್ಲಿ ಉಪ್ಪು ಜಾಸ್ತಿ, ಬಿಪಿ ಇರುವವರು ತೊಳೆದು ಬಳಸಿ ಎಂದು ಬರೆದರೆ ಉಪಯೋಗವಾದೀತು. ಬಾಟಲಿಯ ಶರಬತ್ತಿನಲ್ಲಿ ಸಕ್ಕರೆಯದೇ ಪಾಲು ದೊಡ್ಡದು ಎಂದೂ ಬರೆಯಬೇಕು. ಬೀಜದ ಕೊಬ್ಬು ಎರಡರಲ್ಲೂ ಇದೆ. ಮುರುಗಲಿನದು ಕೋಣೆಯ ಸೆಕೆಗೂ ಕರಗದೆ ಗಟ್ಟಿಯಾಗಿರುತ್ತದೆ, ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಉಪ್ಪಾಗೆ ತುಪ್ಪವನ್ನು ಮಲೆನಾಡಿನವರು ಊಟಕ್ಕೇ ಬಳಸುತ್ತಾರೆ.

ನನ್ನ ತೀರ್ಮಾನ ಇಷ್ಟು: ಪುಸ್ತಿಕೆಯಲ್ಲಿ ಗಾರ್ಸೀನಿಯಾ ಇಂಡಿಕಾಕ್ಕೆ ಮುರುಗಲು ಎಂದೇ ಇಟ್ಟು, ಮೊದಲ ಸಲ ಬಂದಾಗ ಪಕ್ಕದಲ್ಲಿ ಪುನರ್ಪುಳಿ, ಕೋಕಂ ಎಂದು ಕೊಡುವುದು. ಉಪ್ಪಾಗೆಯನ್ನು ಅದರ ಹಣ್ಣಿಗೆ ಮಾತ್ರ ಬಿಡುವುದು. ಪುನರ್ಪುಳಿಯನ್ನೇ ಮುಖ್ಯ ಪದ ಮಾಡಿ ಎನ್ನುವವರಿದ್ದರೆ ದಯವಿಟ್ಟು ಕಾರಣ ಹೇಳಿ, ಕೇಳಲು ಸಿದ್ಧಳಿದ್ದೇನೆ.

ನಿಜವಾಗಿ ಸಹಾಯ ಬೇಕಾಗಿರುವುದು ಬೇರೆ ಕಡೆ. ಮರಾಠಿಯಲ್ಲಿ ಹಸಿ ಹಣ್ಣು ರತಾಂಬಾ, ಒಣಗಿದ ಸಿಪ್ಪೆ ಆಮಸೂಲ, ಉಪ್ಪು ಹಾಕಿಟ್ಟ ರಸ ಆಗಳ. ಗೋವಾದ ಕೊಂಕಣಿಯಲ್ಲೂ ಹಣ್ಣು ಭಿರಂಡ, ಒಣಸಿಪ್ಪೆ ಸೊಲಾಂ. ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕುದಿಸಿ ಕಪ್ಪಗೆ ಗಟ್ಟಿ ಮಾಡಿದ್ದಕ್ಕೆ ಕೊಡಗಿನಲ್ಲಿ ಕಾಚಂಪುಳಿ ಎನ್ನುತ್ತಾರೆ. ಮುರುಗಲಿನ ಒಣಸಿಪ್ಪೆಗೆ, ಉಪ್ಪಿನ ರಸಕ್ಕೆ ನಿಮ್ಮ ಮನೆಗಳಲ್ಲಿ ಬೇರೆ ಬೇರೆ ಪದಗಳಿವೆಯೇ? ನಮ್ಮ ಗುಂಪಿನಲ್ಲಿ ಎಲ್ಲರೂ ಸುಮ್ನೆ 'ಸಿಪ್ಪೆ', 'ರಸ' ಎಂದೇ ಬರೆದಿದ್ದಾರೆ. ಹೊನ್ನಾವರ, ಸಿದ್ದಾಪುರ, ಸುಳ್ಯ, ಪುತ್ತೂರು ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಬಹಳ ಉಪಕಾರ. ಯಾವ ಊರಿನ ಮಾತು ಎಂದೂ ಜೊತೆಗೆ ಬರೆಯಿರಿ, ಪುಸ್ತಿಕೆಯಲ್ಲಿ ಊರಿನ ಹೆಸರು ಹಾಕಿಯೇ ಕೊಡುತ್ತೇವೆ.