ಡೆಂಗ್ಯೂ ವಾಸಿಯಾದ ಮೇಲೆ ಕೂದಲು ಉದುರುತ್ತಿದೆ; ಬೋರ್‌ವೆಲ್ ನೀರು ಕಾರಣವೇ?

ಪ್ರಶ್ನೆ (ದಾವಣಗೆರೆಯಿಂದ):
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಮೂರು ತಿಂಗಳ ಹಿಂದೆ ಡೆಂಗ್ಯೂ ಬಂದು ವಾಸಿಯಾಯಿತು. ಈಗ ತಲೆ ಬಾಚಿದಾಗಲೆಲ್ಲ ಹಣಿಗೆಯ ತುಂಬ ಕೂದಲು ಬರುತ್ತಿದ್ದು, ಒಂದೊಂದರ ತುದಿಯಲ್ಲೂ ಸಾಸಿವೆಗಿಂತ ಸಣ್ಣದಾದ ಬಿಳಿ ಗಂಟು ಕಾಣುತ್ತದೆ. ಬುಡಸಮೇತ ಕಿತ್ತು ಬರುತ್ತಿದೆ, ಇನ್ನು ಹುಟ್ಟುವುದಿಲ್ಲ ಎಂದು ಅವಳು ಅಳುತ್ತಾಳೆ. ಮನೆಯಲ್ಲಿ ಎಲ್ಲರೂ ಬೋರ್‌ವೆಲ್ ನೀರನ್ನು ದೂರುತ್ತಿದ್ದಾರೆ. ನನಗೂ 31 ವರ್ಷಕ್ಕೇ ನೆತ್ತಿ ತೆಳ್ಳಗಾಗಿದೆ. ಇಬ್ಬರೂ ಒಂದೇ ಔಷಧಿ ಹಚ್ಚಬಹುದೇ?

ಉತ್ತರ 1 (ಚಿತ್ರದುರ್ಗದ ಚರ್ಮರೋಗ ವೈದ್ಯ):
ಮೊದಲು ನಿಮ್ಮ ತಂಗಿಗೆ ಧೈರ್ಯ ಹೇಳಿ. ಕೂದಲನ್ನು ಹುಟ್ಟಿಸುವ ಕೋಶಕ ಚರ್ಮದೊಳಗೇ ಉಳಿದಿರುತ್ತದೆ. ಆ ಬಿಳಿ ಗಂಟು ಬೆಳವಣಿಗೆ ಮುಗಿಸಿದ ಕೂದಲಿನ ಕೊನೆ ಮಾತ್ರ. ನೆತ್ತಿಯಲ್ಲಿರುವ ಸುಮಾರು 1 ಲಕ್ಷ ಕೋಶಕಗಳು ಒಂದೊಂದೂ ತನ್ನದೇ ಸರದಿಯಲ್ಲಿ 2ರಿಂದ 6 ವರ್ಷ ಕೂದಲು ಬೆಳೆಸಿ, ಬಳಿಕ ಸುಮಾರು ಮೂರು ತಿಂಗಳು ವಿಶ್ರಮಿಸಿ, ಹಳೆಯದನ್ನು ಉದುರಿಸಿ ಹೊಸದನ್ನು ಆರಂಭಿಸುತ್ತವೆ. ಜೋರು ಜ್ವರ ಬಂದಾಗ ಬಹಳಷ್ಟು ಕೋಶಕಗಳು ಅವಧಿಗೆ ಮುನ್ನವೇ ಒಟ್ಟಾಗಿ ವಿಶ್ರಾಂತಿಗೆ ಇಳಿಯುವುದರಿಂದ, ಉದುರುವಿಕೆ ಎರಡು ಮೂರು ತಿಂಗಳು ತಡವಾಗಿ ಕಾಣಿಸುತ್ತದೆ. ಗಡಸು ನೀರಿನಿಂದ ಕೂದಲು ಒರಟಾಗಿ ನಡುವೆ ತುಂಡಾಗಬಹುದು, ಆದರೆ ಆ ತುಂಡಿಗೆ ಗಂಟು ಇರುವುದಿಲ್ಲ. ಆದ್ದರಿಂದ ನೀರನ್ನು ದೂರಬೇಕಾಗಿಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ಅದಕ್ಕೆ ಚಿಕಿತ್ಸೆ ಕೊಡಿಸಿ.

ನಿಮ್ಮದು ಬೇರೆ ಸಂಗತಿಯಿರಬಹುದು. ವಂಶವಾಹಿ ಬೋಳಿನಲ್ಲಿ ಡೈಹೈಡ್ರೋಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ಕೋಶಕವೇ ಸರದಿಯಿಂದ ಸರದಿಗೆ ಕುಗ್ಗಿ, ದಪ್ಪ ಕೂದಲಿನ ಜಾಗದಲ್ಲಿ ನವಿರು ಕೂದಲು ಬರುತ್ತದೆ. ಇದಕ್ಕೆ ನೆತ್ತಿಗೆ ಹಚ್ಚುವ ಔಷಧಿಯಾದ ಮಿನಾಕ್ಸಿಡಿಲ್ ಹಚ್ಚಿದರೆ ಮೊದಲ ಕೆಲವು ವಾರ ಇನ್ನಷ್ಟು ಉದುರಬಹುದು. ಆಗ ಹೆದರಿ ಬಿಡುವವರೇ ಹೆಚ್ಚೆಂಬುದು ನನಗೆ ನೋವಿನ ಸಂಗತಿ. ಫಲ ತಿಳಿಯಲು ನಾಲ್ಕರಿಂದ ಆರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದೂ ಕಳೆಯುತ್ತದೆ. ಫಿನಾಸ್ಟರೈಡ್ ಮಾತ್ರೆ ಆ ಹಾರ್ಮೋನನ್ನು ತಗ್ಗಿಸುತ್ತದೆ. ಲೈಂಗಿಕ ಅಡ್ಡಪರಿಣಾಮಗಳ ಸಾಧ್ಯತೆ ಇರುವುದರಿಂದ ವೈದ್ಯರನ್ನು ಕಾಣದೆ ನುಂಗಬೇಡಿ.

ಉತ್ತರ 2 (ಹೊಳಲ್ಕೆರೆಯಿಂದ):
ಹೆರಿಗೆಯಾದ ನಾಲ್ಕನೇ ತಿಂಗಳಲ್ಲಿ ನನಗೂ ಹೀಗೇ ಆಗಿತ್ತು. ಎಣ್ಣೆ ಬದಲಿಸಿ ಬದಲಿಸಿ ಹಣ ಕಳೆದೆ. ಮಗುವಿಗೆ ಒಂಬತ್ತು ತಿಂಗಳಾದಾಗ ಬೈತಲೆಯ ಎರಡೂ ಕಡೆ ಬೆರಳಗಲದ ಕೂದಲು ಹುಲ್ಲಿನಂತೆ ನೆಟ್ಟಗೆ ನಿಂತಿದ್ದನ್ನು ಕನ್ನಡಿಯಲ್ಲಿ ಕಂಡೆ. ತಂಗಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ ಕೇಳಿದವರು:
ಓದಿ ಹೇಳಿದೆ, ಅವಳಿಗೆ ಸಮಾಧಾನವಾಯಿತು. ರಕ್ತಪರೀಕ್ಷೆಗೆ ನಾಳೆಯೇ ಕರೆದೊಯ್ಯುತ್ತೇನೆ. ನನ್ನ ಹೆಂಡತಿ ಈಗ ಗರ್ಭಿಣಿ. ಆ ಮಾತ್ರೆ ಮನೆಯಲ್ಲಿರಬಹುದೇ?

ಉತ್ತರ 1:
ವೈದ್ಯರು ಬರೆದುಕೊಟ್ಟರೆ ಇರಬಹುದು. ಆದರೆ ಒಡೆದ ಅಥವಾ ಪುಡಿಯಾದ ಮಾತ್ರೆಯನ್ನು ನಿಮ್ಮ ಹೆಂಡತಿ ಮುಟ್ಟಬಾರದು. ಗಂಡು ಶಿಶುವಿನ ಬೆಳವಣಿಗೆಗೆ ತೊಂದರೆಯಾಗಬಹುದು.