ಫಸ್ಟ್ ಇಯರ್ ಮಕ್ಕಳ ಜೊತೆ ಸೀನಿಯರ್‌ಗಳನ್ನು ಜೋಡಿಸೋದು: ತುಮಕೂರಲ್ಲಿ ಯಾರಾದರೂ ಮಾಡಿದ್ದೀರಾ?

ಬಿಎಸ್ಸಿ_ಫೈನಲ್:
ತುಮಕೂರಲ್ಲಿ ಓದ್ತಿದ್ದೀನಿ. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬರೋ ಕನ್ನಡ ಮೀಡಿಯಂ ಮಕ್ಕಳಲ್ಲಿ ಕೆಲವರು ಮೊದಲ ಸೆಮಿಸ್ಟರ್‌ನಲ್ಲೇ ಕ್ಲಾಸಿಗೆ ಬರೋದು ಬಿಡ್ತಾರೆ. ಒಬ್ಬ ಸೀನಿಯರ್‌ಗೆ ಮೂರ್ನಾಲ್ಕು ಜೂನಿಯರ್‌ಗಳು ಅಂತ ಜೋಡಿಸೋಣ ಅಂದ್ಕೊಂಡಿದ್ದೀವಿ. ವೆಲ್ಕಮ್ ದಿನ ಒಳ್ಳೆ ಭಾಷಣ ಮಾಡಿಸಿ ಶುರು ಮಾಡಿದರೆ ಆಗುತ್ತಾ?

ಪಾವಗಡದವಳು:
ಭಾಷಣ ಬೇಡಪ್ಪ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಬಂದರೆ ಪಾಠವೆಲ್ಲ ಇಂಗ್ಲಿಷು. ನನ್ನನ್ನು ಆಗ ಉಳಿಸಿದ್ದು ಹಾಸ್ಟೆಲ್ ರೂಮಿನ ಅಕ್ಕ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಹಿಂದಿನ ರಾತ್ರಿ ತನ್ನ ಹಳೇ ರೆಕಾರ್ಡ್ ಬಿಚ್ಚಿಟ್ಟು, "ಆಸಿಡ್ ಫ್ಲಾಸ್ಕಲ್ಲಿ, ಬೇಸ್ ಬ್ಯೂರೆಟ್ಟಲ್ಲಿ. ಬಣ್ಣ ತೋರಿಸೋ ಫಿನಾಫ್ತಲೀನ್ ಹಾಕಿದ್ಮೇಲೆ ಹನಿ ಹನಿ ಬಿಡು, ತಿಳಿಗುಲಾಬಿ ಬಂದ ತಕ್ಷಣ ನಿಲ್ಲಿಸು. ಕಡುಗುಲಾಬಿ ಆಯ್ತೋ, ಮತ್ತೆ ಮೊದಲಿಂದ ಮಾಡ್ಬೇಕು" ಅಂತ ಕನ್ನಡ, ತೆಲುಗು ಬೆರೆಸಿ ಹೇಳಿಕೊಟ್ಟಳು. ಮಾರನೇ ದಿನ ಲ್ಯಾಬಲ್ಲಿ ಕೈ ನಡುಗಲಿಲ್ಲ. ಅಷ್ಟು ಮಾಡಿ, ಸಾಕು.

ಇನ್ನೊಂದು, ಎಸ್‌ಎಸ್‌ಪಿ, ಅಂದ್ರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಿನ ಅರ್ಜಿ. ಲಿಂಕ್ ಕಳಿಸಿ ಸುಮ್ಮನಾಗಬೇಡಿ, ಪಕ್ಕದಲ್ಲಿ ಕೂತು ಹಾಕಿಸಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಇದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಅಂದ್ರೆ ಜೋಡಣೆ ಆಗಿದೆಯಾ ನೋಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ತಿಂಗಳ ಲೆಕ್ಕದಲ್ಲಿ ಹಣ ಕೊಡ್ತಾರೆ. ಗೊತ್ತಿಲ್ಲದೆ ಅರ್ಜಿಯೇ ಹಾಕದ ಹುಡುಗೀರನ್ನ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಹಳೇ_ಮೇಷ್ಟ್ರು:
ಅವರು ಹೇಳಿದ್ದು ಸರಿ. ಜೋಡಿಸುವಾಗ ಅದೇ ಸಬ್ಜೆಕ್ಟು, ಆದಷ್ಟೂ ಅದೇ ತಾಲ್ಲೂಕಿನವರನ್ನು ಜೋಡಿಸಿ. ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಬಂದ ವಾರ ಯಾರು ಕಾಣಿಸಲ್ವೋ ಅವರಿಗೆ ಅವತ್ತೇ ಫೋನ್ ಮಾಡಿ. ಆದರೆ ಊಟ ನಿದ್ದೆ ಬಿಟ್ಟು ಕೂತ ಮಗುವಿನ ಭಾರವನ್ನು ಇಪ್ಪತ್ತು ವರ್ಷದ ಸೀನಿಯರ್ ಒಬ್ಬನೇ ಹೊರಬಾರದು. ನಂಬಿಕೆಯ ಅಧ್ಯಾಪಕರಿಗೆ ತಿಳಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ರ್‍ಯಾಗಿಂಗ್ ಆದರೆ 1800-180-5522.

ಬಿಎಸ್ಸಿ_ಫೈನಲ್:
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಭಾಷಣ ಕೈಬಿಟ್ವಿ. ದಿನಾ ಊರಿಂದ ಬಸ್ಸಲ್ಲಿ ಓಡಾಡೋರನ್ನ ಯಾವಾಗ ಹಿಡಿಯೋದು?

ಪಾವಗಡದವಳು:
ಸಂಜೆ ಮೀಟಿಂಗ್ ಇಡಲೇಬೇಡಿ, ಬಸ್ ತಪ್ಪಿದರೆ ಮನೇಲಿ ಬೈಸಿಕೊಳ್ಳೋದು ಅವರು. ಮಧ್ಯಾಹ್ನ ಊಟದ ಡಬ್ಬಿ ತಗೊಂಡು ಅವರ ಜೊತೆಗೇ ಕೂತ್ಕೊಳ್ಳಿ. ಎಸ್‌ಎಸ್‌ಪಿ ಕಾಗದಪತ್ರ ಏನೇನು ಅಂತ ಒಂದು ಹಾಳೇಲಿ ಬರೆದು ಹಿಂದಿನ ದಿನವೇ ಕೊಡಿ, ಮನೆಯಿಂದ ತರ್ತಾರೆ.